ಎತ್ತಿ ತೋರಿಸುವ ಆಳು

"ಎತ್ತಲಾ ನಾಯಿ! ಬಸುರಿ ಹೆಂಗ್ಸಿನಂಗೆ ತೊಡೆಸಂದಿ ಹಿಡ್ಕಂಡು ಯಾಕ್ಲಾ ನಿಂತೆ?"

ಯಜಮಾನ ಚಿನ್ನಸಾಮಿಯ ಕೂಗಿಗೆ ಜಿಮ್ಮಿನಲ್ಲಿದ್ದವರೆಲ್ಲ ಡಂಬೆಲ್ ಇಳಿಸಿ ತಿರುಗಿ ನೋಡಿದರು. ಮಣಿಕಂಡನ್ ಕೈ ತೆಗೆಯಲಿಲ್ಲ. ತೆಗೆದರೆ ಕರುಳು ನುಗ್ಗಿ ನಿಂಬೆಹಣ್ಣಿನಷ್ಟು ಉಬ್ಬಿ ನಿಲ್ಲುತ್ತದೆ.

"ಒಂದು ಗಳಿಗೆ ಇರು ಮಾಮ. ಒಳಿಕ್ಕೆ ತಳ್ಕಂಡು ಬತ್ತೀನಿ."

ಯಾರೋ ಕಿಸಕ್ಕನೆ ನಕ್ಕರು. ಅವನು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ನೆಲದ ಮೇಲೆ ಅಂಗಾತ ಮಲಗಿದ. ಮಂಡಿ ಮಡಚಿ, ಮೂರು ಬೆರಳಿನಿಂದ ಉಬ್ಬನ್ನು ಮೆಲ್ಲಗೆ ಒತ್ತಿದ. ಗುಳಕ್ಕೆಂದು ಒಳಗೆ ಸರಿಯಿತು. ಹಳೇ ಚಿನ್ನಾಳಪಟ್ಟಿ ಸೀರೆ ಹರಿದು ಹೆಂಡತಿ ಪಾಂಡೀಶ್ವರಿ ಹೊಲಿದುಕೊಟ್ಟಿದ್ದ ಮೆತ್ತೆಯನ್ನು ಅಲ್ಲಿಟ್ಟು ಲಂಗೋಟಿ ಬಿಗಿದ. ಹೊರಗೆ ಬಂದು ನೂರಿಪ್ಪತ್ತು ಕಿಲೋ ಎತ್ತಿದ. ಕಲಿಯಲು ಬಂದವರು ಎತ್ತುವ ಮೊದಲು ಅವನು ಎತ್ತಿ ತೋರಿಸಬೇಕು. ಅದೇ ಅವನ ಕೆಲಸ.

ತಮಿಳು ಸೀಮೆಯ ಬೋಡಿನಾಯಕನೂರಿನ ಆ ಜಿಮ್ಮಿನ ಬಾಗಿಲಲ್ಲಿ ಅವನದೇ ಫ್ಲೆಕ್ಸ್ ಇತ್ತು, ಆರು ವರ್ಷದ ಹಿಂದೆ ಜಿಲ್ಲೆಯ ಪಂದ್ಯ ಗೆದ್ದಾಗಿನದು. ಬೆಳಿಗ್ಗೆ ಒಂಬತ್ತರವರೆಗೆ ಇಲ್ಲಿ, ಆಮೇಲೆ ಚಿನ್ನಸಾಮಿಯದೇ ಏಲಕ್ಕಿ ಗೋಡೌನಿನಲ್ಲಿ ಮೂಟೆ ಹೊರುವುದು. ಪಾಂಡೀಶ್ವರಿ ಅಲ್ಲೇ ಕಾಯಿ ಆರಿಸುತ್ತಿದ್ದಳು. ಗಂಡಹೆಂಡಿರಿದ್ದ ತಗಡಿನ ಮನೆಯೂ ಚಿನ್ನಸಾಮಿಯದೇ. ಚಿನ್ನಸಾಮಿಯೂ ಇವರೂ ಕೊಂಬೈ ಕಡೆಯ ಕನ್ನಡದ ಜನ. "ನಮ್ಮೋನು ಅಂತ ಇಟ್ಕಂಡಿವ್ನಿ" ಎಂದು ಚಿನ್ನಸಾಮಿ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಉಳಿದ ಕೆಲಸದವರಿಗೆ ಅವನು ತಮಿಳಿನಲ್ಲಿ ಕೆಲಸ ಹೇಳುತ್ತಿದ್ದ. ಮಣಿಕಂಡನಿಗೆ ಮಾತ್ರ ಮನೆಮಾತಿನಲ್ಲಿ ಬಯ್ಯುತ್ತಿದ್ದ.

ಮಂಗಳವಾರ ಮಣಿಕಂಡನ್ ಮೂರನೇ ಸಲ ಸರ್ಕಾರಿ ಆಸ್ಪತ್ರೆಗೆ ಹೋದ. ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಹರ್ನಿಯಾ ಆಪರೇಷನ್‌ಗೆ ಹಾಗೇ ಬಾ ಎಂದಿದ್ದರು. ಡಾಕ್ಟರು ಅವನ ಪ್ಯಾಂಟು ಇಳಿಸಿ ನಿಲ್ಲಿಸಿ, ಡಾಕ್ಟರಿಕೆ ಓದುವ ಹುಡುಗ ಹುಡುಗಿಯರನ್ನು ಸುತ್ತ ಕರೆದರು.

"ಕೆಮ್ಮು."

ಕೆಮ್ಮಿದ.

"ಇನ್ನೂ ಜೋರಾಗಿ. ಎಲ್ಲರಿಗೂ ಕಾಣಬೇಕು."

ಹತ್ತು ಜನ ಬಗ್ಗಿ ನೋಡಿದರು. ಅವನು ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚನ್ನೇ ನೋಡುತ್ತ ನಿಂತ. ನೋಡಿ ಮುಗಿಸಿದ ಮೇಲೆ ಡಾಕ್ಟರು, "ಅರಿವಳಿಕೆ ಕೊಡುವವರು ರಜ. ಮುಂದಿನ ತಿಂಗಳು ಬಾ. ಅಲ್ಲೀವರೆಗೆ ಒಂದು ಬಿಂದಿಗೆ ನೀರೂ ಎತ್ತಬೇಡ. ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ" ಎಂದರು.

"ಎತ್ತೋದೇ ನನ್ನ ಕೆಲಸ ಅಯ್ಯಾ."

"ಬೇರೆ ಕೆಲಸ ನೋಡ್ಕೊ."

ಹಸಿದ ಹೊಟ್ಟೆಯಲ್ಲೇ ಬಸ್ ಹತ್ತಿ ನೇರ ಚಿನ್ನಸಾಮಿಯ ಮನೆಗೆ ಬಂದ. ಚಿನ್ನಸಾಮಿ ಊಟ ಮಾಡುತ್ತಿದ್ದ. ಇವನನ್ನು ಹೊಸಿಲಾಚೆಯೇ ನಿಲ್ಲಿಸಿ ಮಾತಾಡಿದ.

"ಒಂದು ತಿಂಗ್ಳು ಕೂತ್ಕಂಡು ಹೇಳ್ಕೊಡ್ತೀನಿ ಮಾಮ. ಎತ್ತಾಕೆ ಆಗಲ್ಲ."

"ಕೂತ್ಕಂಡು ಹೇಳಾಕೆ ನೀನೇನು ಪಾಠ ಹೇಳೋ ಪಳ್ಳಿಕೂಡದ ವಾದ್ಯಾರಾ? ಭಾನುವಾರ ಜಿಮ್ಮಿಗೆ ದೊಡ್ಡೋರು ಬತ್ತಾರೆ, ವೀಡಿಯೋ ತೆಗೀತಾರೆ. ಇನ್ನೂರು ಕಿಲೋ ಎತ್ತಬೇಕು ನೀನು. ಆಗಲ್ವಾ? ಮನೆ ಖಾಲಿ ಮಾಡ್ಲಾ ಬಡ್ಡಿಮಗನೆ."

ಮಣಿಕಂಡನ್ ತಲೆ ಕೆರೆದುಕೊಂಡು ನಿಂತ. "ಆಗ್ಲಿ ಮಾಮ" ಎಂದ. ಮನೆಗೆ ಬಂದು ಎಲ್ಲವನ್ನೂ ಪಾಂಡೀಶ್ವರಿಗೆ ಹೇಳಿದ. ಅವಳು ತಟ್ಟೆಗೆ ಅನ್ನ ಹಾಕಿದಳು.

ಭಾನುವಾರ ಜಿಮ್ಮಿನ ತುಂಬ ಜನ. ದೊಡ್ಡವರು ಶಾಲು ಹೊದ್ದು ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. ಮಣಿಕಂಡನ್ ಕೈಗೆ ಸೀಮೆಸುಣ್ಣದ ಪುಡಿ ಉಜ್ಜಿ, ಇನ್ನೂರು ಕಿಲೋ ಬಿಲ್ಲೆ ಹಾಕಿದ ಕಬ್ಬಿಣದ ಬಾರಿನ ಮುಂದೆ ಬಗ್ಗಿದ. ಬಗ್ಗಿದ್ದೇ ತಡ ಒಳಗೆ ಚುರಕ್ಕೆಂದಿತು. ಕಣ್ಣು ಕತ್ತಲಿಟ್ಟಿತು. ಕತ್ತಲೆ ಹರಿದಾಗ ಬಾರಿನ ಪಕ್ಕ ಎರಡು ಕಾಲು ಕಂಡವು, ಏಲಕ್ಕಿ ಧೂಳು ಮೆತ್ತಿದ ಹೆಂಗಸಿನ ಕಾಲು.

ಪಾಂಡೀಶ್ವರಿ ಬಾರಿನ ಮೇಲೆ ಕೂತಿದ್ದಳು. ಆ ಜಿಮ್ಮಿನೊಳಗೆ ಅದುವರೆಗೆ ಹೆಂಗಸು ಕಾಲಿಟ್ಟಿರಲಿಲ್ಲ.

"ಏಳೇ ಮುಂಡೆ!" ಚಿನ್ನಸಾಮಿ ನುಗ್ಗಿ ಬಂದ.

"ಏಳಲ್ಲ. ಇವ್ನ ಕರುಳು ಬಿದ್ರೆ ನೀನು ಎತ್ತಿ ಕೊಡ್ತೀಯಾ? ನಿನ್ನ ಮಗನ್ನ ಕರ್ದು ಎತ್ಸು. ನನ್ನೂ ಸೇರ್ಸಿ ಎತ್ಲಿ." ಅವಳು ಬಾರನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದಳು.

ಚಿನ್ನಸಾಮಿ ಅವಳ ತೋಳು ಹಿಡಿದೆಳೆದ. ಕುರ್ಚಿಯಲ್ಲಿದ್ದವರು ಒಬ್ಬೊಬ್ಬರೇ ಎದ್ದು ಹೊರಟರು. ಮಣಿಕಂಡನಿಗೆ ಅವಳ ಪಕ್ಕ ಹೋಗಿ ಕೂರಬೇಕೆನ್ನಿಸಿತು, ಚಿನ್ನಸಾಮಿಯ ಕೈ ಮುರಿಯಬೇಕೆನ್ನಿಸಿತು. ಸೊಂಟದ ಕೆಳಗೆ ನೋವು ತಿರುಚುತ್ತಿತ್ತು. ಹಿಂದೆ ಸರಿದು ಗೋಡೆ ಹಿಡಿದು ನಿಂತೇ ಇದ್ದ.

ಮಧ್ಯಾಹ್ನದೊಳಗೆ ಅವರ ಸಾಮಾನು ಬೀದಿಗೆ ಬಿತ್ತು. ಪೆಟ್ಟಿಗೆ, ಪಾತ್ರೆ, ಮಡಚುವ ಮಂಚ, ಗ್ಯಾಸ್ ಸಿಲಿಂಡರು. ರೈಲ್ವೆ ಗೇಟಿನಾಚೆ ಪಾಂಡೀಶ್ವರಿಯ ಅಕ್ಕ ಮುನಿಯಮ್ಮಾಳ್ ಮನೆಯಿತ್ತು; ಅಲ್ಲಿಗೆ ಹೋಗುವುದೆಂದಾಯಿತು. ಚಿನ್ನಸಾಮಿಗೆ ಹೆದರಿ ಅಕ್ಕಪಕ್ಕದವರು ಯಾರೂ ಕೈ ಹಾಕಲಿಲ್ಲ. ಮಣಿಕಂಡನ್ ಸಿಲಿಂಡರಿಗೆ ಬಗ್ಗಿದ.

"ಮುಟ್ಬ್ಯಾಡ," ಎಂದಳು ಪಾಂಡೀಶ್ವರಿ. "ನಿನ್ನ ಹೊತ್ಕಂಡು ಆಸ್ಪತ್ರಿಗೆ ಓಡಾಕೆ ನನ್ನ ಕೈಲಿ ಆಗಲ್ಲ."

ಹಲ್ಲು ಕಚ್ಚಿ ತಾನೇ ಹೆಗಲಿಗೇರಿಸಿಕೊಂಡಳು. ಅವನು ತಲೆದಿಂಬು ಎರಡನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ನಡೆದ. ಮೂಲೆಯ ಟೀ ಅಂಗಡಿಯಲ್ಲಿ, ದಿನಾ ಅವನ ಹತ್ತಿರ ಎತ್ತಲು ಕಲಿಯುತ್ತಿದ್ದವರು ಕೂತಿದ್ದರು.

"ಪೈಲ್ವಾನನ್ನ ನೋಡ್ರೋ! ಹೆಂಡ್ತಿ ಕೈಲಿ ಹೊರಿಸ್ಕೊಂಡು ಹೋಗ್ತವ್ನೆ."

ಅವನು ತಿರುಗಲಿಲ್ಲ. ನಡುಬೀದಿಯಲ್ಲಿ ಪಾಂಡೀಶ್ವರಿ ನಿಂತಳು. ಸಿಲಿಂಡರನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸುವಾಗ ಅವಳ ಕಾಲು ತಡವರಿಸಿತು. ಮಣಿಕಂಡನೂ ನಿಂತ. ಅವಳು ಮತ್ತೆ ನಡೆಯುವವರೆಗೆ ನೆಲ ನೋಡುತ್ತಲೇ ಇದ್ದ.