ಬೇಲಿ ಪಕ್ಕದ ಜಾಗ

ಮಸ್ಟಾಂಗ್‌ ಕಾರಿನ ಎಡಬದಿಯ ಚಾಲಕ ಸೀಟಿನಲ್ಲಿ ಕೂತ ಕೂಡಲೇ ಮಾರ್ಲೀನಳ ಎಡಗೈ ತಾನಾಗಿ ಹಿಂದಕ್ಕೆ ಸರಿದು, ಸೀಟಿಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ಬೆಲ್ಟಿನ ಬೋಲ್ಟನ್ನು ತಡಕಿತು. ಸಿಕ್ಕಿತು. ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬಿಗಿಯಾಗಿಯೇ ಇತ್ತು.

"ಏನೇ ಹುಡುಕ್ತಿದ್ದೀಯ ಅಲ್ಲಿ?" ಎತ್ತಿದ ಬಾನೆಟ್ಟಿನ ಪಕ್ಕದಿಂದ ಅವಳ ಅಣ್ಣ ಡೆಲ್ಬರ್ಟ್ ತಲೆ ಹೊರಹಾಕಿದ.

"ಏನಿಲ್ಲ. ಕೈ ಚಟ."

"ಚಟ ಬಿಟ್ಟು ಕೀಲಿ ತಿರುಗ್ಸು. ಕೇಳು ಒಂದ್ಸಲ."

ಎಂಜಿನ್ ಗುಡುಗಿತು. ಗೋಡೆಗೆ ನೇತುಹಾಕಿದ್ದ ಸ್ಪಾನರುಗಳೆಲ್ಲ ಒಟ್ಟಿಗೆ ಕಿಣಿಕಿಣಿ ಎಂದವು. ಡೆಲ್ಬರ್ಟ್ ಕಣ್ಣು ಮುಚ್ಚಿ, ಹಸುಗೂಸಿನ ಬೆನ್ನು ಸವರುವವನಂತೆ ಕಾರಿನ ಕೆಂಪು ಮೈಮೇಲೆ ಅಂಗೈ ಇಟ್ಟು ನಿಂತ. ಅರವತ್ತೊಂಬತ್ತನೇ ಇಸವಿಯ ಫೋರ್ಡ್ ಮಸ್ಟಾಂಗ್, ಮಾಕ್ ಒನ್ ಮಾದರಿ. ಹರೆಯದಲ್ಲಿ ಕೊಂಡು, ಎರಡು ಮದುವೆ ಮುರಿದರೂ ಬಿಡದೆ ಉಳಿಸಿಕೊಂಡದ್ದು. ಈಗ ಮಂಡಿಯ ಕೀಲು ಬದಲಾಯಿಸಿದ ಮೇಲೆ ಕ್ಲಚ್ ಒತ್ತಲು ಅವನ ಕಾಲಿಗೆ ಆಗುತ್ತಿರಲಿಲ್ಲ.

"ಹೊರಗಿನವರಿಗೆ ಕೊಡೋಕೆ ಮನಸ್ಸಿಲ್ಲ ಕಣೇ, ನೀನೇ ತಗೋ," ಎಂದ, ಎಂಜಿನ್ ಆರಿಸಿದ ಮೇಲೆ. "ಶನಿವಾರದ ಕಾರು ಮೇಳದಲ್ಲಿ ಮೊದಲನೇ ಸಾಲಲ್ಲಿ ನೀನೇ ಇದನ್ನ ನಿಲ್ಲಿಸ್ಬೇಕು. ಅಪ್ಪ ಇದ್ದಿದ್ರೆ ಕಣ್ತುಂಬ ನೋಡ್ತಿದ್ದ."

ಮಾರ್ಲೀನ್ ಕೀಲಿ ತೆಗೆದು ಅವನ ಕೈಗಿಟ್ಟಳು. "ನಾಳೆ ಹೇಳ್ತೀನಿ" ಎಂದಳು.

ಡೆಟ್ರಾಯಿಟ್ ನದಿಯ ಕೆಳದಂಡೆಯ ಆ ಊರಿನಲ್ಲಿ ಮಕ್ಕಳು ಹುಟ್ಟುವಾಗಲೇ ಫೋರ್ಡ್‌ನವರಾಗಿಯೋ ಅದರ ಎದುರಾಳಿ ಕಂಪನಿ ಶೆವಿಯವರಾಗಿಯೋ ಹುಟ್ಟುತ್ತಿದ್ದರು. ಮಾರ್ಲೀನಳ ಮನೆ ಫೋರ್ಡ್ ಮನೆ. ಅಪ್ಪ ಫೋರ್ಡ್ ಕಾರ್ಖಾನೆ, ಅಣ್ಣ ಅದೇ ಕಾರ್ಖಾನೆ, ಗಂಡ ವೆಂಡೆಲ್ ಸಿಕ್ಕಿದ್ದೂ ಅಲ್ಲಿನ ಊಟದ ಕೋಣೆಯಲ್ಲಿ. ಬೀದಿಯಲ್ಲಿ ಶೆವಿ ಹಾದುಹೋದರೆ ಜಗಲಿಯ ಮೇಲೆ ಕೂತ ಅಪ್ಪ ಮುಖ ತಿರುಗಿಸುತ್ತಿದ್ದ, ಮಕ್ಕಳೂ ತಿರುಗಿಸಬೇಕಿತ್ತು. ಪುಟ್ಟ ಮಾರ್ಲೀನ್ ಮುಖ ತಿರುಗಿಸಿ, ಕಿಟಕಿಯ ಗಾಜಿನಲ್ಲಿ ಅದು ಹೋಗುವುದನ್ನು ನೋಡುತ್ತಿದ್ದಳು.

ಅವಳೂ ಇಪ್ಪತ್ತೆಂಟು ವರ್ಷ ಅಲ್ಲಿನ ಜೋಡಣೆಯ ಸಾಲಿನಲ್ಲಿ ನಿಂತು ಮಸ್ಟಾಂಗ್‌ಗಳಿಗೆ ಸೀಟು ಬೆಲ್ಟಿನ ಬೋಲ್ಟು ಬಿಗಿದಿದ್ದಳು. ಒಂದು ಕಾರು ಹೋಯಿತೆನ್ನುವಷ್ಟರಲ್ಲಿ ಇನ್ನೊಂದು. ಮಕ್ಕಳ ಜ್ವರ, ಶಾಲೆಯ ನಾಟಕ, ಅವ್ವನ ಕೊನೆಗಾಲ ಎಲ್ಲವೂ ಎರಡು ಪಾಳಿಗಳ ನಡುವೆ ತೂರಿಕೊಂಡು ಆಗಿಹೋಗಿದ್ದವು. ಈ ವಸಂತದಲ್ಲಿ ನಿವೃತ್ತಳಾದ ದಿನ, ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಗಂಡನಿಗೆ ಹೇಳಿದ್ದಳು: "ನನಗೊಂದು ಕಾರು ಬೇಕು. ಮನೆಗಲ್ಲ, ನನಗೆ."

ಅಣ್ಣನ ಕಾರು ನೋಡಿ ಬಂದ ಮರುದಿನ ಬೆಳಿಗ್ಗೆ ಅವಳು ವೆಂಡೆಲನ ಟ್ರಕ್ಕಿನಲ್ಲಿ ಅವನನ್ನೂ ಕೂರಿಸಿಕೊಂಡು ಇಪ್ಸಿಲಾಂಟಿಗೆ ಹೊರಟಳು. ಅಲ್ಲಿ ಕ್ಲಿಫ್ಟನ್ ಎಂಬ ಮುದಿ ಕ್ಷೌರಿಕ ಎಪ್ಪತ್ತನೇ ಇಸವಿಯ ಶೆವಿ ಕಾರು, ಶೆವೆಲ್ ಒಂದನ್ನು ಮಾರಾಟಕ್ಕಿಟ್ಟಿದ್ದ. ಮನೆಯ ಮುಂದೆ ಟ್ರಕ್ ನಿಂತರೂ ವೆಂಡೆಲ್ ಇಳಿಯಲಿಲ್ಲ.

"ನಾನಿಲ್ಲೇ ಇರ್ತೀನಿ. ಯಾರಾದ್ರೂ ನೋಡಿದ್ರೆ ದಾರಿ ತಪ್ಪಿ ಬಂದ್ವಿ ಅಂತೀನಿ."

"ಟೋಪಿ ಮುಖದ ಮೇಲೆಳ್ಕೊ. ಸತ್ತಿದ್ದಾನೆ ಅಂದ್ಕೊಳ್ತಾರೆ."

ಕಾರು ಕಡುಹಸಿರು, ಬಾನೆಟ್ಟಿನ ಮೇಲೆ ಎರಡು ಬಿಳಿ ಪಟ್ಟಿ. ಹಿಂದಿನ ಚಕ್ರದ ಮೇಲ್ಗಡೆ ಬಣ್ಣ ಉಬ್ಬಿತ್ತು, ಒಳಗಿನಿಂದ ತುಕ್ಕು ತಿನ್ನುತ್ತಿರುವ ಗುರುತು. ಕ್ಲಿಫ್ಟನ್ ಅದನ್ನು ಮುಚ್ಚಿಡದೆ ತಾನೇ ತೋರಿಸಿದ. ಅಣ್ಣನ ಕಾರಿನ ಮುಂದೆ ಇದು ಬಡವಿ. ಮಾರ್ಲೀನಳಿಗೆ ಅದು ಕಾಣದೇ ಇರಲಿಲ್ಲ.

ಒಳಗೆ ಕೂತಳು. ಎಡಗೈ ಅಭ್ಯಾಸಬಲದಿಂದ ಹಿಂದಕ್ಕೆ ಹೋಗಿ ಸಂದಿಯಲ್ಲಿ ಹುಡುಕಿತು. ಅಲ್ಲಿ ಬೋಲ್ಟು ಇರಲಿಲ್ಲ. ಇನ್ನಷ್ಟು ಹಿಂದೆ, ಇನ್ನಷ್ಟು ಕೆಳಗೆ ತಡಕಿದಳು. ಎಲ್ಲಿಟ್ಟಿದ್ದಾರೋ ಪುಣ್ಯಾತ್ಮರು. ಕೈ ವಾಪಸ್ಸು ಬಂದು ಸುಮ್ಮನೆ ತೊಡೆಯ ಮೇಲೆ ಕೂತಿತು.

ಕೀಲಿ ಹಾಕಲು ಎದುರಿನ ಫಲಕವನ್ನೆಲ್ಲ ಚುಚ್ಚಿ ನೋಡಿದಳು. ಕ್ಲಿಫ್ಟನ್ ಕಿಟಕಿಗೆ ಮೊಣಕೈ ಊರಿ ನಗುತ್ತಿದ್ದ. "ಅಲ್ಲಲ್ಲಮ್ಮ. ಸ್ಟೀರಿಂಗ್ ಕಂಬದ ಬಲಗಡೆ ನೋಡಿ. ನೀವು ಫೋರ್ಡ್‌ನವರಾ?"

"ಹುಟ್ಟಿದಾಗಿನಿಂದ."

"ಅಯ್ಯೋ ಪಾಪ," ಎಂದ ಅವನು, ನಿಜವಾಗಿಯೂ ಮರುಗಿದಂತೆ.

ದೀಪ ಹಾಕಲು ಹೋಗಿ ವೈಪರ್ ಹಾಕಿದಳು. ಬಿಸಿಲಲ್ಲಿ ಅವೆರಡು ಕಡ್ಡಿಗಳು ಒಣಗಾಜನ್ನು ಕಿರ್ರೆಂದು ಒರೆಸತೊಡಗಿದವು. ನಿಲ್ಲಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಹೊಟ್ಟೆಯೊಳಗಿಂದ ನಗು ಉಕ್ಕಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಟ್ರಕ್ಕಿನಲ್ಲಿದ್ದ ವೆಂಡೆಲ್ ಟೋಪಿ ಮೇಲಕ್ಕೆತ್ತಿ ಹೆಂಡತಿಯನ್ನೇ ನೋಡುತ್ತಿದ್ದ.

ವಾಪಸ್ಸು ಬರುವಾಗ ಟ್ರಕ್ಕು ಹೆದ್ದಾರಿ ಸೇರಿತು. ವೆಂಡೆಲ್ ಕೇಳಿದ, "ಸರಿ, ಯಾವ ಕಾರು?"

"ಹಸಿರು."

"ನಿಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ."

"ಬರ್ಲಿ. ಹಿಂದಿನ ಸೀಟಲ್ಲಿ ಜಾಗ ಇದೆ."

"ಡೆಲ್ ಒಳ್ಳೇ ಕಾರು ಕೊಡ್ತಿದ್ದಾನೆ, ಮಾರ್ಲಿ. ತುಕ್ಕಿಲ್ಲ. ಅದೂ ಅಣ್ಣ ಕೊಡ್ತಿರೋದು."

"ಗೊತ್ತು. ಅದಕ್ಕೇ ನಾನೇ ಹೋಗಿ ಹೇಳ್ತೀನಿ. ಫೋನಲ್ಲಿ ಹೇಳಲ್ಲ."

ಸಂಜೆ ಹೋದಾಗ ಡೆಲ್ಬರ್ಟ್ ಮಾಕ್ ಒನ್‌ನ ಚಕ್ರಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಕೆಟ್ಟ ಮಂಡಿಯ ಕಾಲನ್ನು ನೇರವಾಗಿ ಚಾಚಿ ನೆಲದ ಮೇಲೆ ಕೂತಿದ್ದ. ಮಾರ್ಲೀನ್ ನಿಂತಲ್ಲೇ ಹೇಳಿಬಿಟ್ಟಳು.

ಅವನ ಬ್ರಷ್ ನಿಂತಿತು. "ಶೆವೆಲ್ಲಾ?"

"ಹೌದು."

"ಅದಕ್ಕೆ ತುಕ್ಕು ಹಿಡಿದಿರುತ್ತೆ."

"ಹಿಡಿದಿದೆ."

"ಇದರಲ್ಲೇನು ಕಮ್ಮಿ ಆಯ್ತು ನಿಂಗೆ? ಹೇಳು. ಕಮ್ಮಿ ಏನು?"

"ಏನೂ ಕಮ್ಮಿ ಇಲ್ಲ, ಡೆಲ್. ಇದರೊಳಗೆ ಕೂತ್ರೆ ನಾನು ಇನ್ನೂ ಡ್ಯೂಟಿ ಮೇಲಿರ್ತೀನಿ. ಹಗಲೆಲ್ಲ ಒಲೆ ಮುಂದೆ ನಿಂತು ಬೇಯ್ಸಿದವಳಿಗೆ ಅದೇ ಅಡುಗೆ ಗಂಟಲಲ್ಲಿ ಇಳಿಯಲ್ಲ ಕಣೋ."

"ಆ ಅಡುಗೆನೇ ನಿನ್ನ ಮಕ್ಕಳನ್ನ ಸಾಕಿದ್ದು."

"ಸಾಕ್ತು. ಅದಕ್ಕೆ ನಾನೂ ಒಂದು ದಿನ ಮೈಗಳ್ಳತನ ಮಾಡ್ಲಿಲ್ಲ. ಕಾರ್ಖಾನೆದೂ ನಂದೂ ಲೆಕ್ಕ ಚುಕ್ತಾ."

ಡೆಲ್ಬರ್ಟ್ ಚಕ್ರವನ್ನೇ ಹಿಡಿದುಕೊಂಡು ಎದ್ದ. ಅವಳು ಕೈ ಕೊಡಲು ಹೋದರೆ ಹಿಡಿಯಲಿಲ್ಲ. "ಶನಿವಾರ ಕಾರು ನಿಲ್ಲಿಸೋದು ನನ್ನ ಉಸ್ತುವಾರಿ," ಎಂದ. "ನಿಯಮ ಗೊತ್ತಲ್ಲ? ಬೇರೆ ಕಂಪನಿ ಕಾರು ಎಲ್ಲಿ ನಿಲ್ಲುತ್ತೆ ಅಂತ?"

"ಬೇಲಿ ಪಕ್ಕ. ಕಸದ ತೊಟ್ಟಿ ಹತ್ತಿರ."

"ತಂಗಿ ಅಂತ ನೋಡಲ್ಲ."

"ನೋಡ್ಬೇಡ. ಇನ್ನೊಂದು ಮಾತು. ಈ ವರ್ಷ ಮೇಳದ ಅಡುಗೆಮನೆಗೆ ನಾನು ಬರಲ್ಲ. ಪ್ರತಿ ವರ್ಷ ನಾನು ಮಾಡೋ ಎಲೆಕೋಸಿನ ಸುರುಳಿ ಬೇರೆ ಯಾರಾದ್ರೂ ಮಾಡ್ಲಿ."

ಕಾರು ಬೇಡ ಅಂದದ್ದಕ್ಕಿಂತ ಇದೇ ಅವನಿಗೆ ಜಾಸ್ತಿ ತಾಗಿದಂತಿತ್ತು. ಎತ್ತಿದ್ದ ಬಾನೆಟ್ಟನ್ನು ಸದ್ದಾಗದಂತೆ ಇಳಿಸಿದ.

ಶನಿವಾರ ಕಾರ್ಮಿಕ ಸಂಘದ ಬಯಲಿನಲ್ಲಿ ನಿವೃತ್ತರ ಕಾರುಗಳು ಸಾಲುಗಟ್ಟಿ ಹೊಳೆಯುತ್ತಿದ್ದವು. ಮೊದಲನೇ ಸಾಲಿನ ನಡುವೆ ಕೆಂಪು ಮಾಕ್ ಒನ್ ನಿಂತಿತ್ತು. ಅದರ ಗಾಜಿಗೆ 'ಮಾರಾಟಕ್ಕಿದೆ' ಎಂಬ ರಟ್ಟು ಸಿಕ್ಕಿಸಿತ್ತು. ಹಸಿರು ಶೆವೆಲ್ ಗೇಟಿನೊಳಗೆ ನುಗ್ಗಿದಾಗ ತಲೆಗಳು ಒಂದೊಂದಾಗಿ ತಿರುಗಿದವು. ಯಾರೋ ಸಿಳ್ಳೆ ಹಾಕಿದರು. "ಮಾರ್ಲಿ, ಗಾಡಿ ಕೆಟ್ಟು ಎರವಲು ತಂದ್ಯಾ?" ಎಂದು ಇನ್ಯಾರೋ ಕೂಗಿದರು.

"ನಿನ್ನ ಫೋರ್ಡ್ ಟೆಂಪೊ ಕಾರು ತಳ್ಳಿ ತಳ್ಳಿ ಸುಸ್ತಾಯ್ತಲ್ಲ, ಅದಕ್ಕೆ!" ಎಂದು ಕಿಟಕಿಯಿಂದಲೇ ಉತ್ತರ ಕೊಟ್ಟಳು. ಒಂದಿಬ್ಬರು ನಕ್ಕರು.

ದಾರಿಯ ತಿರುವಿನಲ್ಲಿ ಡೆಲ್ಬರ್ಟ್ ಕಿತ್ತಳೆ ಬಾವುಟ ಹಿಡಿದು ನಿಂತಿದ್ದ. ಕಾರು ಹತ್ತಿರ ಬಂದಾಗ ಮುಖ ಪಕ್ಕಕ್ಕೆ ತಿರುಗಿಸಿದ, ಥೇಟ್ ಅಪ್ಪನ ಹಾಗೆಯೇ. ಬಾವುಟ ಬೇಲಿಯ ಕಡೆ ಚಾಚಿತು. ಮಾರ್ಲೀನ್ ವೇಗ ಕಡಿಮೆ ಮಾಡದೆ, ಜಾಸ್ತಿಯೂ ಮಾಡದೆ ಆ ಕಡೆ ತಿರುಗಿಸಿದಳು.

ಅಲ್ಲಿ ಬೇರೆ ಕಾರೇ ಇರಲಿಲ್ಲ. ತೊಟ್ಟಿಯ ಸುತ್ತ ಜೇನುನೊಣಗಳು ಸುತ್ತುತ್ತಿದ್ದವು. ಬೇಲಿಯಾಚೆಯ ಮೇಪಲ್ ಮರದ ನೆರಳು ಅರ್ಧ ಬಾನೆಟ್ಟಿನ ಮೇಲೆ ಬಿತ್ತು. ಎಂಜಿನ್ ಆರಿಸಿ, ಕೈ ಕಟ್ಟಿ, ಒಳಗೇ ಕೂತಳು. ಅರ್ಧ ಗಂಟೆ ಯಾರೂ ಬರಲಿಲ್ಲ. ಬರಲೆಂದು ಅವಳು ಯಾರ ಕಡೆಗೂ ನೋಡಲೂ ಇಲ್ಲ.

ಆಮೇಲೆ ಆ ಉದ್ದನೆಯ ಬಯಲಿನಲ್ಲಿ, ಸಾಲುಗಳನ್ನೆಲ್ಲ ದಾಟಿ ಎಲ್ಲರ ಕಣ್ಣೆದುರಿಗೇ, ವೆಂಡೆಲ್ ಬರುತ್ತಿರುವುದು ಕಂಡಿತು. ಎರಡೂ ಕೈಯಲ್ಲಿ ಊಟದ ತಟ್ಟೆ. ಸಾರು ಚೆಲ್ಲದಂತೆ ಮದುಮಗಳ ಹಾಗೆ ಹೆಜ್ಜೆ ಇಡುತ್ತಿದ್ದ.

"ಈ ಎಲೆಕೋಸು ಯಾರು ಮಾಡಿದ್ದೋ, ಉಪ್ಪೇ ಇಲ್ಲ," ಎಂದ, ಆಚೆ ಬದಿಯ ಕಿಟಕಿಯ ಹತ್ತಿರ ಬಂದು. "ನಿಮ್ಮಣ್ಣ ಎರಡನೇ ಸಲ ಬಡಿಸ್ಕೊಳ್ಳಲಿಲ್ಲ. ಬಾಗಿಲು ತೆಗಿಯೇ, ಕೈ ಸುಡ್ತಿದೆ."

ಅವಳು ಪಕ್ಕದ ಸೀಟಿನ ಮೇಲೆ ಒರಗಿ ಕೈ ಚಾಚಿದಳು. ಬಾಗಿಲ ಹಿಡಿ ಅವಳೆಣಿಸಿದ ಜಾಗದಲ್ಲಿ ಇರಲಿಲ್ಲ. ಗಾಜಿನಾಚೆ ತಟ್ಟೆಗಳಿಂದ ಹಬೆ ಏಳುತ್ತಿತ್ತು. ಅವಳು ಅವಸರ ಮಾಡದೆ ಬಾಗಿಲಿನ ಉದ್ದಕ್ಕೂ ಬೆರಳಾಡಿಸುತ್ತಾ ಹುಡುಕತೊಡಗಿದಳು.