ಎರಡು ಪೊಟ್ಟಣ

ಡಬ್ಬಿಯ ಮುಚ್ಚಳದ ಒಳಗೆ ಒಂದು ಹನಿ ಜಾರಿತು, ಅಂಚಿಗೆ ಬಂದು ನಿಂತಿತು, ಬೀಳಲೋ ಬೇಡವೋ ಎಂದು ಯೋಚಿಸುವ ಹಾಗೆ — ಐದು ವಾರ, ಫ್ರಿಜ್ಜಿನ ಮೇಲಿನ ಅಷ್ಟೂ ಜಾಗ, ಕೇಕು ತಂದ ಪಾರದರ್ಶಕ ಡಬ್ಬಿ ಒಂದು, ದಿನಕ್ಕೆ ಹದಿನಾಲ್ಕು ಗಂಟೆ ಉರಿದ ಟ್ಯೂಬ್‌ಲೈಟು, ಮತ್ತೆ ಹೆಂಡತಿಯ ಸಹನೆ, ಅದು ಮೊದಲೇ ತೆಳು, ಈಗ ಅದರಾಚೆ ಇರುವುದೆಲ್ಲ ಕಾಣುವಷ್ಟು ಸವೆದಿದೆ. ಇಷ್ಟು ಕೊಟ್ಟು ಪಡೆದದ್ದು ಒಂದು ಡಬ್ಬಿ ಒದ್ದೆ ತೆಂಗಿನ ನಾರಿನ ಪುಡಿ. ಹಸಿರು ಅನ್ನುವುದು ಸೂಜಿಮೊನೆಯಷ್ಟೂ ಇಲ್ಲ. ಏನ್ರೀ, ನಿಮ್ಮ ಡಬ್ಬಿಗೆ ಇನ್ನೂ ಹೆರಿಗೆ ಆಗ್ಲಿಲ್ವಾ, ಎಂದು ಅವಳು ಹಾಲು ತೆಗೆಯಲು ಬಂದಾಗೆಲ್ಲ ಕೇಳುತ್ತಾಳೆ, ದಿನ ತುಂಬಬೇಕಲ್ಲ ಎಂದು ಅವನೂ ಅನ್ನುತ್ತಾನೆ, ಆದರೆ ದಿನ ತುಂಬಿ ಎರಡು ವಾರ ದಾಟಿತು, ಗ್ಲಾಕ್ಸೀನಿಯಾ ಬೀಜ ಹದಿನೈದು ದಿನಕ್ಕೆ ಮೊಳೆಯುತ್ತೆ, ಸೋಮಾರಿ ಆದ್ರೆ ಇಪ್ಪತ್ತು ದಿನ, ಅದಕ್ಕಿಂತ ಕಾಯಬೇಡ ಕಣೋ ಎಂದವಳು ಅಕ್ಕ, ಈ ವಿಷಯದಲ್ಲಿ ಅಕ್ಕನ ಮಾತು ಸುಳ್ಳಾದದ್ದಿಲ್ಲ, ಭಾನುವಾರ ಅಕ್ಕ ಬರುತ್ತಾಳೆ. ಇವತ್ತು ಶುಕ್ರವಾರ.

ಮಗಳ ಹೆರಿಗೆಗೆ ಹೋಗುವಾಗ ಗ್ಲಾಕ್ಸೀನಿಯಾ ಕುಂಡವನ್ನು ಅವನ ಕೈಗಿಟ್ಟು ಅಕ್ಕ ಹೇಳಿದ್ದು ಎರಡೇ ಮಾತು, ಎಲೆ ಮೇಲೆ ನೀರು ಹಾಕಬೇಡ, ಪ್ರೀತಿ ಜಾಸ್ತಿ ಮಾಡಬೇಡ. ಒಂಬತ್ತು ವರ್ಷ ಸಾಕಿದ ಗಿಡ, ಕೆನ್ನೆಗೆ ತಾಗಿಸಿದರೆ ಮುದ್ದು ಬರುವಂಥ ಮೆತ್ತನೆ ಎಲೆ, ಗಂಟೆಯಾಕಾರದ ಹೂವು, ಆ ಬಿಳಿ — ಅವನು ಹಲ್ಲು ಕಟ್ಟುವವನು, ದಂತವೈದ್ಯರು ಕಳಿಸುವ ಅಚ್ಚಿಗೆ ಸೆಟ್ಟು ಮಾಡಿಕೊಡುವವನು, ಹದಿನಾರು ಥರದ ಬಿಳಿ ಅವನ ಬೆರಳ ತುದಿಯಲ್ಲಿದೆ, ಈ ಹೂವಿನ ಬಿಳಿ ಹದಿನಾರರಲ್ಲಿ ಇಲ್ಲ. ಅದಕ್ಕೇ ಆಸೆ ಹುಟ್ಟಿದ್ದು. ಪಿಂಗಾಣಿ ಹಲ್ಲಿಗೆ ಬಣ್ಣ ಹಚ್ಚುವ ಕುಂಚದಿಂದ ಒಂದು ಹೂವಿನ ಪರಾಗ ಇನ್ನೊಂದಕ್ಕೆ ಮುಟ್ಟಿಸಿದ, ಕಾಯಿ ಕಟ್ಟಿತು, ಒಂದೇ ಒಂದು, ಎರಡು ತಿಂಗಳಿಗೆ ಅದು ಬಾಯಿ ಬಿಟ್ಟಿತು, ಒಳಗೆ ಕಂದು ಧೂಳು, ಬೀಜ ಅಂದರೆ ನಂಬುವ ಹಾಗಿಲ್ಲ, ಮೂಗಿನ ಉಸಿರಿಗೇ ಹಾರುವಂಥದ್ದು. ಆಮೇಲೆ ಬೇಸಿಗೆ, ಪಾಪ ಬಾಯಾರಿರಬಹುದು ಅಂತ ಒಂದು ಲೋಟ, ಸಂಜೆ ಇನ್ನೊಂದು, ಗಿಡ ಬುಡದಲ್ಲಿ ಮೆತ್ತಗಾಯಿತು, ಮಣ್ಣಲ್ಲಿದ್ದ ಗೆಡ್ಡೆ ಬೆರಳಿಗೆ ಬೆಂದ ಆಲೂಗಡ್ಡೆಯ ಹಾಗೆ ಸಿಕ್ಕಿತು. ಪ್ರೀತಿ ಜಾಸ್ತಿ ಆಯಿತು. ಅಕ್ಕ ಫೋನು ಮಾಡಿದಳು, ಲೋ, ನನ್ನ ಗಿಡ ಹೇಗಿದೆಯೋ — ಚೆನ್ನಾಗಿದೆ ಅಕ್ಕಾ, ಕಾಯಿ ಬಿಟ್ಟಿದೆ, ಬೀಜ ಹಾಕಿದ್ದೀನಿ. ಮೂರರಲ್ಲಿ ಎರಡು ನಿಜ, ಸರಾಸರಿ ತೆಗೆದರೆ ಒಳ್ಳೆಯ ಮನುಷ್ಯ. ಬೀಜ ಮೊಳೆತರೆ ಸಾಕು, ಸತ್ತದ್ದನ್ನು ಹೇಳುವಾಗ ಕೈಯಲ್ಲಿ ಏನಾದರೂ ಇರುತ್ತದೆ. ಬರಿಗೈಯಲ್ಲಿ ಅಕ್ಕನ ಮುಂದೆ ನಿಲ್ಲುವುದು ಹೇಗೆ.

ಇವನು ಮಾಡಿದ್ದೆಲ್ಲ ಸರಿಯೇ. ನಾರಿನ ಪುಡಿಗೆ ಕುದಿಯುವ ನೀರು ಹಾಕಿ ಆರಿಸಿದ, ಬೀಜ ಉದುರಿಸಿದ ಮೇಲೆ ಮಣ್ಣು ಮುಚ್ಚಲಿಲ್ಲ, ಬೆಳಕು ಕಾಣದೆ ಅದು ಏಳುವುದಿಲ್ಲ, ಮುಚ್ಚಳ ಹಾಕಿದ, ಡಬ್ಬಿಯ ಹತ್ತಿರ ಕೆಮ್ಮಲೂ ಇಲ್ಲ. ಹನಿ ಕೊನೆಗೂ ಬಿತ್ತು. ಬಿದ್ದ ಕಡೆ ಏನೋ ಮಿಂಚಿತು. ಮಿಂಚುವುದೇ, ಬೀಜ ಮಿಂಚುವುದಿಲ್ಲ, ಕೆಲಸದ ಭೂತಗನ್ನಡಿ ತಂದು ಕಣ್ಣಿಗೆ ಕಟ್ಟಿಕೊಂಡ, ಚೂಪುಚೂಪು ಹರಳು, ಗಾಜಿನ ಮರಳಿನ ಹಾಗೆ, ಬೆರಳಿಗೆ ಒತ್ತಿ ತೆಗೆದು ಮುಂಬಲ್ಲಿನ ನಡುವೆ ಇಟ್ಟು ಕಚ್ಚಿದ — ಕರಕರ. ಈ ಕರಕರ ಅವನಿಗೆ ಗೊತ್ತಿಲ್ಲವೇ, ಇಪ್ಪತ್ತೆಂಟು ವರ್ಷದಿಂದ ಮೂಗಲ್ಲಿ, ಕಾಲರಿನಲ್ಲಿ, ಊಟದ ಡಬ್ಬಿಯಲ್ಲಿ ಅದೇ ಕರಕರ, ಇದು ಪಾಲಿಶ್ ಪುಡಿ, ಹಲ್ಲಿನ ಸೆಟ್ಟಿಗೆ ಹೊಳಪು ಕೊಡುವ ಕಂದು ಪುಡಿ. ಐದು ವಾರ ಅವನು ಪಾಲಿಶ್ ಪುಡಿಗೆ ನೀರು ಚಿಮುಕಿಸಿದ್ದಾನೆ, ದೀಪ ಹಾಕಿದ್ದಾನೆ, ಒಂದೆರಡು ಸಲ ಯಾರೂ ಇಲ್ಲದಾಗ ಮಾತಾಡಿಸಿಯೂ ಇದ್ದಾನೆ. ನಗು ಬಂತು, ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಿದಳು, ಏನು ಹುಟ್ತಾ ಎಂದಳು, ನಿನ್ನ ಉಂಗುರದ ಪುಡಿ ಎಂದ. ಹೌದು, ಉಂಗುರ. ಮಂಕಾಗಿದೆ ಅಂದಳೆಂದು ಚಿಟಿಕೆ ಪುಡಿ ಪೊಟ್ಟಣ ಕಟ್ಟಿ ತಂದಿದ್ದ, ಬೇಡ, ಆಗಲೇ ಹಲ್ಲಿನ ಪೇಸ್ಟ್ ಹಚ್ಚಿ ಉಜ್ಜಿದೆ ಅಂದಳು, ಬೀಜದ ಪೊಟ್ಟಣವೂ ಫ್ರಿಜ್ಜಿನ ಮೇಲೇ ಇತ್ತು, ಎರಡೂ ಒಂದೇ ಬಿಳಿ ಕಾಗದ, ಒಂದೇ ಮಡಿಕೆ, ಅವನದೇ ಕೈ. ಒಂದನ್ನು ಅವತ್ತು ಸಂಜೆ ಡಬ್ಬಿಗೆ ಬಿತ್ತಿದ. ಇನ್ನೊಂದು? ಚಪ್ಪಲಿ ಮೆಟ್ಟಿದ್ದಾನೆ, ಮೆಟ್ಟಿಲು ಇಳಿಯುತ್ತಿದ್ದಾನೆ, ಇನ್ನೊಂದನ್ನು ಮರುದಿನ ಕೆಲಸಕ್ಕೆ ಒಯ್ದ, ಚಿಟಿಕೆ ಪುಡಿಯೂ ದಂಡ ಆಗಬಾರದು ಅನ್ನುವ ಜಿಪುಣ ಬುದ್ಧಿ, ಪಾಲಿಶ್ ಮೋಟಾರಿನ ಕೆಳಗೆ ನೀರಲ್ಲಿ ಕಲಸಿಟ್ಟ ಪುಡಿಯ ತಟ್ಟೆ ಇರುತ್ತದಲ್ಲ, ಅದರ ಮೇಲೆ ಕಾಗದ ಬಗ್ಗಿಸಿ ಬೆರಳಿಂದ ಎರಡು ಸಲ ತಟ್ಟಿದ.

ಅವತ್ತೇ ಮೋಟಾರು ಸುಟ್ಟುಹೋಯಿತು. ಕೆಟ್ಟ ದಿನ ಎಂದು ಬೈದಿದ್ದ, ಈಗ ಆ ಮೋಟಾರಿಗೆ ಕೈಮುಗಿಯಬೇಕು ಅನಿಸುತ್ತಿದೆ, ಅವತ್ತಿನಿಂದ ತಟ್ಟೆಯನ್ನು ಯಾರೂ ಮುಟ್ಟಿಲ್ಲ, ಧೂಳು ಕೂರದಿರಲಿ ಎಂದು ಜೊತೆಗೆ ಕೆಲಸ ಮಾಡುವ ಮೇಣದಮ್ಮ ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಳು, ಕಿಟಕಿಯ ಬೆಳಕು ನೇರ ಅಲ್ಲಿಗೇ, ಹೊದಿಕೆ, ತೇವ, ಬೆಳಕು — ಅಯ್ಯೋ ದೇವರೇ, ಅಕ್ಕ ಹೇಳಿದ್ದೆಲ್ಲ ಅಲ್ಲೇ ಇತ್ತು. ಆದರೆ ಮೋಟಾರು ನಿನ್ನೆ ರಿಪೇರಿಯಾಗಿ ಬಂದಿದೆ. ಮೇಣದಮ್ಮ, ಮೇಣದಲ್ಲಿ ಹಲ್ಲು ಜೋಡಿಸುವವಳು, ಕೊಳೆ ಕಂಡರೆ ಆಗದವಳು, ನಿನ್ನೆ ಹೊರಡುವಾಗ ಏನಂದಳು, ತಟ್ಟೆ ತುಂಬ ಪಾಚಿ ಕಟ್ಟಿದೆ ಸಾರ್, ನಾಳೆ ಬೇಗ ಬಂದು ಬ್ಲೀಚ್ ಹಾಕಿ ತಿಕ್ಕಿಡ್ತೀನಿ. ತಿಕ್ಕಮ್ಮ ತಾಯಿ ಎಂದ ಇವನು. ಅವಳ ಫೋನು ಹೊಡೆದುಕೊಳ್ಳುತ್ತಿದೆ, ಎತ್ತುತ್ತಿಲ್ಲ, ಕೈ ಒದ್ದೆ ಇರಬೇಕು, ಒದ್ದೆ ಅಂದರೆ ತಿಕ್ಕುತ್ತಿದ್ದಾಳೆ, ಐವತ್ತಾರರ ಮನುಷ್ಯ ಬೀದಿಯಲ್ಲಿ ಓಡುತ್ತಿದ್ದಾನೆ, ಹಣೆಯ ಮೇಲೆ ಭೂತಗನ್ನಡಿ ಹಾಗೇ ಇದೆ, ಔಷಧಿ ಅಂಗಡಿಯವನು ಯಾರಿಗೆ ಏನಾಯ್ತು ಎಂದು ಕೂಗಿದ, ಎಲ್ಲ ಚೆನ್ನಾಗಿದ್ದಾರೆ ಎಂದು ಓಡುತ್ತಲೇ ಹೇಳಿದ, ಯಾರು ಚೆನ್ನಾಗಿದ್ದಾರೋ ಇನ್ನೂ ಗೊತ್ತಿಲ್ಲ.

ಮೇಣದಮ್ಮ ಬ್ರಷ್ಷು ಹಿಡಿದು ನಿಂತಿದ್ದಳು. ಅರ್ಧ ತಟ್ಟೆ ಕನ್ನಡಿಯ ಹಾಗೆ ಫಳಫಳ. ಯಾಕೆ ನಿಲ್ಲಿಸಿದೆ ಎಂದು ಅವನು ಏದುಸಿರಲ್ಲಿ ಕೇಳಿದ್ದಕ್ಕೆ ಅವಳು ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ, ಪಾಚಿಗೆ ಎಲೆ ಇರುತ್ತಾ ಸಾರ್, ಎಂದಳು. ಕನ್ನಡಿ ಕಣ್ಣಿಗಿಳಿಸಿ ಬಗ್ಗಿದ, ಉಸಿರು ಹಿಡಿದ, ಕಂದು ಪುಡಿಯಲ್ಲಿ ಹಸಿರು, ಒಂದೊಂದಕ್ಕೂ ಎರಡೆರಡು ಎಲೆ, ಆದರೆ ಜೋಡಿ ಸಮ ಇಲ್ಲ, ಒಂದು ದೊಡ್ಡದು, ಒಂದು ಚಿಕ್ಕದು, ಎಲ್ಲದಕ್ಕೂ ಹಾಗೇ, ರೋಗವೇ ಇರಬೇಕೇನೋ, ಕೈ ತಾನಾಗಿ ಅಕ್ಕನ ನಂಬರು ಒತ್ತಿತು, ಬಾಯಿ ತಾನಾಗಿ ಎಲ್ಲ ಹೇಳಿಬಿಟ್ಟಿತು, ಗಿಡ ಸತ್ತದ್ದು, ಸುಳ್ಳು ಹೇಳಿದ್ದು, ಪೊಟ್ಟಣ, ಪುಡಿ, ಬ್ಲೀಚು. ಆ ಕಡೆ ಮಗು ಅಳುತ್ತಿತ್ತು. ಅಕ್ಕ ಕೇಳಿದಳು, ಎಲೆ ಎರಡೂ ಸಮ ಇದೆಯೇನೋ. ಇಲ್ಲ ಅಕ್ಕಾ, ಒಂದು ದೊಡ್ಡದು, ಒಂದು ಚಿಕ್ಕದು. ಹಾಗಿದ್ರೆ ನಂದೇ ಕಣೋ, ನಮ್ಮನೆ ಗಿಡದ್ದು ಹುಟ್ಟೋದೇ ಹಂಗೆ, ಪೆದ್ದ, ಇನ್ನು ಅವಕ್ಕೆ ನೀರು ಹಾಕಬೇಡ, ನಾನು ಬರೋವರೆಗೂ ಏನೂ ಮಾಡಬೇಡ. ಅವನು ಏನೂ ಮಾಡಲಿಲ್ಲ. ಹೋದದ್ದು ಒಂಬತ್ತು ವರ್ಷದ ಗಿಡ, ಅರ್ಧ ತಟ್ಟೆ ಸಸಿ. ಉಳಿದದ್ದು ಹತ್ತೊಂಬತ್ತು, ಮೇಣದಮ್ಮ ಎಣಿಸಿದಳು, ಅವನು ಎಣಿಸಲಿಲ್ಲ, ಮೂಲೆಯ ಒಂದನ್ನೇ ನೋಡುತ್ತಿದ್ದ, ಒಂದು ಎಲೆ ದೊಡ್ಡದು, ಒಂದು ಚಿಕ್ಕದು —