ಚೀಟಿ ಕಳೆದುಕೊಂಡ ಹದಿನಾರು ಬಾಟಲಿಗಳು

ಮಕ್ಕಳ ವಿಜ್ಞಾನ ಕೇಂದ್ರದ ಆಯಾಗೆ ಒಂದು ಚಾಳಿ. ದೊಡ್ಡವರು ಯಾರಾದರೂ ಬರುತ್ತಾರೆಂದು ಕಿವಿಗೆ ಬಿದ್ದರೆ ಸಾಕು, ಕೈಗೆ ಸಿಕ್ಕಿದ್ದನ್ನೆಲ್ಲ ತಿಕ್ಕಿ ತೊಳೆದುಬಿಡುತ್ತಾಳೆ. ಹಿಂದೊಮ್ಮೆ ಯಾರೋ ಮಂತ್ರಿ ಬರುತ್ತಾರೆಂದು ಕಣ್ಣಿನ ಕೋಣೆಯ ಭೂಗೋಳವನ್ನು ತಿಕ್ಕಿ, ಎರಡು ಸಮುದ್ರಗಳನ್ನೇ ಅಳಿಸಿಹಾಕಿದ್ದಳು. ಈ ಸಲ ಅವಳ ಕಣ್ಣು ಬಿದ್ದದ್ದು ಮಕ್ಕಳು ಬಗೆಬಗೆಯ ವಾಸನೆ ಮೂಸಿ ಕಲಿಯುವ ಮೂಗಿನ ಕೋಣೆಯ ಮೇಲೆ.

ಗುರುವಾರ ಬೆಳಿಗ್ಗೆ ಆ ಕೋಣೆ ನಡೆಸುವ ಘಮಘಮ ಟೀಚರ್ ಬಾಗಿಲು ತೆರೆದು ನೋಡಿದರೆ, ಕಪಾಟಿನಲ್ಲಿ ಹದಿನಾರು ಕಂದು ಗಾಜಿನ ಬಾಟಲಿಗಳು ಫಳಫಳ ಹೊಳೆಯುತ್ತ ನಿಂತಿದ್ದವು. ಒಂದರ ಮೇಲೂ ಚೀಟಿ ಇರಲಿಲ್ಲ.

"ಆಯಮ್ಮಾ, ಚೀಟಿಗಳೆಲ್ಲಿ?"

"ಆ ಹಳೇ ಕಾಗದದ ಚೂರುಗಳಾ? ಸೋಪಿನ ನೀರಲ್ಲಿ ನೆನೆಹಾಕಿದ್ದೆ, ಸಲೀಸಾಗಿ ಬಿಟ್ಕೊಂಡ್ವು. ನಿಮಗ್ಯಾಕೆ ಚೀಟಿ? ಮೂಸಿದ್ರೆ ಗೊತ್ತಾಗಲ್ವಾ?"

ಟೀಚರಿಗೆ ಮೂಸಿದರೆ ಗೊತ್ತಾಗುತ್ತಿರಲಿಲ್ಲ. ಅದೇ ಅವಳು ಮೂರು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗುಟ್ಟು.

ಮೂರು ತಿಂಗಳ ಹಿಂದೆ ಒಂದು ಕೆಟ್ಟ ನೆಗಡಿ ಬಂದಿತ್ತು. ಹೋಗುವಾಗ ಅದು ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. "ಬಂದರೂ ಬರಬಹುದು, ಬರದೆಯೂ ಇರಬಹುದು. ದಿನಾ ಎರಡು ಹೊತ್ತು ನಾಲ್ಕಾರು ವಾಸನೆ ಮೂಸ್ತಾ ಇರಿ" ಎಂದಿದ್ದರು ಡಾಕ್ಟರು. ಎರಡು ವಾರ ಮೂಸಿದಳು. ಏನೂ ಬರದೆ, ಅಳು ಮಾತ್ರ ಬಂದು, ಬಿಟ್ಟುಬಿಟ್ಟಳು. ಗಂಡನಿಗೂ ಹೇಳಲಿಲ್ಲ. ಹಾಲು ಸೀದು ತಳ ಹಿಡಿದ ದಿನ ಆತ ಅವಳ ಮೊಬೈಲನ್ನು ಬೈದ, ಇವಳು ಸುಮ್ಮನೆ ಬೈಸಿಕೊಂಡಳು. ಇನ್ನು ಕೆಲಸಕ್ಕೆ ಚೀಟಿಗಳಿದ್ದವು. ಕದ್ದು ಓದುವುದು, ಬಿರಡೆ ತೆಗೆಯುವುದು, ಬಾಟಲಿಯನ್ನು ದೂರವೇ ಹಿಡಿದು ಕಣ್ಣು ಮುಚ್ಚಿ "ಆಹಾ!" ಎನ್ನುವುದು. ಯಾರಿಗೂ ಅನುಮಾನ ಬಂದಿರಲಿಲ್ಲ.

ಹನ್ನೊಂದು ಗಂಟೆಗೆ ನಿರ್ದೇಶಕಿ ಬರುವವರಿದ್ದರು. ಕೇಂದ್ರಕ್ಕೆ ಚಿತ್ರ ತೋರಿಸುವ ದೊಡ್ಡದೊಂದು ಪರದೆ ಬಂದಿತ್ತು. ಅದನ್ನು ಹಾಕಲು ಒಂದು ಕೋಣೆ ಬೇಕಿತ್ತು. ಮೂಗಿನ ಕೋಣೆ ಉಳಿಯಬೇಕೋ ಬೇಡವೋ ಎಂಬುದು ಇವತ್ತು ತೀರ್ಮಾನ. ಹಡಗಿನಲ್ಲಿ ಅಡುಗೆ ಮಾಡುವ ಅವಳ ತಮ್ಮ ಹನ್ನೊಂದು ವರ್ಷ ಬಂದರಿನಿಂದ ಬಂದರಿಗೆ ಹೋಗಿ ಒಂದೊಂದಾಗಿ ಕಳಿಸಿದ ಬಾಟಲಿಗಳವು. ಕೋಣೆ ಹೋದರೆ ಅವು ಉಗ್ರಾಣದ ಪಾಲು. ಮೂಗಿಲ್ಲದ ಟೀಚರಿನ ಮೂಗಿನ ಕೋಣೆ ಎಂದು ಗೊತ್ತಾದರಂತೂ ಮುಗಿದೇ ಹೋಯಿತು.

ಓಡಿಹೋಗೋಣವೆಂದು ಅವಳು ಚಪ್ಪಲಿಗೆ ಕಾಲು ಹಾಕಿದ್ದೂ ಉಂಟು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಗಿ, ಪ್ರತಿ ಗುರುವಾರ ಬರುವ ಹನ್ನೆರಡು ಮಕ್ಕಳೂ ಒಳಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ, ಉಸಿರಿಗೊಂದು ಪ್ರಶ್ನೆ ಕೇಳುವ ಯಾಕೆಪುಟ್ಟಿ. ಎಲ್ಲರಿಗಿಂತ ಹಿಂದೆ, ಸಮುದ್ರದಾಚೆಯಿಂದ ಬಂದು ಎರಡೇ ತಿಂಗಳಾಗಿದ್ದ, ಇನ್ನೂ ಬಾಯಿ ಬಿಚ್ಚದ ಹೊಸ ಹುಡುಗಿ.

"ಟೀಚರ್, ಬಾಟ್ಲಿಗಳು ಯಾಕೆ ಬೋಳಾಗಿವೆ?" ಯಾಕೆಪುಟ್ಟಿ ಬಂದವಳೇ ಕೇಳಿದಳು.

ಟೀಚರ್ ಚಪ್ಪಲಿಯಿಂದ ಕಾಲು ತೆಗೆದಳು. "ಇವತ್ತು ಆಟ ಬೇರೆ. ನಾನು ಏನೂ ಹೇಳಲ್ಲ. ನೀವು ಮೂಸಿ. ನಾನು ಪ್ರಶ್ನೆ ಕೇಳ್ತೀನಿ, ಉತ್ತರ ಕೇಳಿ ಒಳಗೇನಿದೆ ಅಂತ ಹೇಳ್ತೀನಿ. ಆದ್ರೆ ನಾನು ಮೂಸಲ್ಲ!"

"ಹೋ!" ಎಂದರು ಮಕ್ಕಳು. ದೊಡ್ಡವರು ಸೋಲುವ ಆಟವೆಂದರೆ ಯಾರಿಗೆ ಇಷ್ಟವಿಲ್ಲ?

ಮೊದಲ ಬಾಟಲಿಗೆ ಹಲ್ಲುಬಿದ್ದ ಹುಡುಗ ಮೂಗು ಇಟ್ಟ.

"ಕಣ್ಣಲ್ಲಿ ನೀರು ಬಂತಾ?"

"ಇಲ್ಲ. ಹಲ್ಲು ನೋವು ನೆನಪಾಯ್ತು."

"ನಂಗೆ ನಮ್ಮಜ್ಜಿ ಬಟ್ಟೆ ಪೆಟ್ಟಿಗೆ," ಎಂದಳು ಇನ್ನೊಬ್ಬಳು.

"ನಮ್ಮಪ್ಪ ಟೀಗೆ ಹಾಕ್ತಾರೆ!"

"ಲವಂಗ!" ಟೀಚರ್ ಕೂಗಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳಿಗೇ ಆಶ್ಚರ್ಯ. ಹನ್ನೊಂದು ವರ್ಷದಲ್ಲಿ ಒಂದು ಲವಂಗಕ್ಕೆ ಇಷ್ಟು ಮನೆಗಳಿವೆಯೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. "ಇದು ಲವಂಗ, ಮುಂದೆ" ಎಂದು ತಾನೇ ಹೇಳಿಬಿಡುತ್ತಿದ್ದಳು.

ಆಮೇಲೆ ಕೋಣೆಗೆ ಹುಚ್ಚು ಹಿಡಿಯಿತು. ಹೊಸ ರಸ್ತೆಯ ವಾಸನೆ ಎಂದರೆ ಡಾಂಬರು. ಪರೀಕ್ಷೆಯ ದಿನದ ವಾಸನೆ ಎಂದರೆ ಪೆನ್ಸಿಲ್ ಮಾಡುವ ಮರ. ಒಬ್ಬನ ಪ್ರಕಾರ "ಬೈಸಿಕೊಳ್ಳೋಕೆ ಮುಂಚಿನ ವಾಸನೆ". ವಿಚಾರಿಸಿದರೆ ಅವನಪ್ಪ ಬೂಟಿಗೆ ಹಚ್ಚುವ ಪಾಲಿಶ್. ಎಲ್ಲರೂ ಒಟ್ಟಿಗೆ ಕಿರುಚುತ್ತಿದ್ದರು. ಹನ್ನೊಂದಕ್ಕೆ ನಿರ್ದೇಶಕಿ ಬಂದು ಗೋಡೆಗೊರಗಿ ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ.

ಏಳನೆಯ ಬಾಟಲಿ ತೆರೆದದ್ದೇ ತಡ, "ಥೂ! ಛೀ! ಸತ್ತೇ ಹೋದೆ!" ಎಂದು ಹನ್ನೊಂದು ಮಕ್ಕಳು ಕಿಟಕಿಗೆ ಓಡಿದರು. ಹನ್ನೆರಡನೆಯವಳು ಓಡಲಿಲ್ಲ. ಹೊಸ ಹುಡುಗಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೂಗು ಹೂತು, "ನಮ್ಮನೆ!" ಎಂದಳು. "ಇದು ನಮ್ಮನೆ! ಅಮ್ಮ ಅಡುಗೆ ಮಾಡ್ತಾಳೆ, ಮೀನು, ಉಪ್ಪು, ಬಿಸಿಲಲ್ಲಿ ತುಂಬಾ ದಿನ..." ಎರಡು ತಿಂಗಳಿಂದ ಕೂಡಿಟ್ಟ ಮಾತೆಲ್ಲ ಒಂದೇ ಸಲ ಹೊರಬಂತು. ಕಿಟಕಿಯಲ್ಲಿದ್ದವರು ಒಬ್ಬೊಬ್ಬರಾಗಿ ಮೂಗು ಹಿಡಿದುಕೊಂಡೇ ವಾಪಸು ಬಂದು, ಇಷ್ಟು ಚಂದದ ಹುಡುಗಿಗೆ ಚಂದವೆನಿಸುವ ವಾಸನೆಯನ್ನು ಮತ್ತೊಮ್ಮೆ ಮೂಸಿ ನೋಡಿದರು. "ಪರವಾಗಿಲ್ಲ," ಎಂದ ಹಲ್ಲುಬಿದ್ದ ಹುಡುಗ, ಹಸಿರು ಮುಖ ಮಾಡಿಕೊಂಡು.

ಟೀಚರ್ ಖುಷಿಯಲ್ಲಿ ತೇಲಿಹೋಗಿದ್ದಳು. ಎಡವಟ್ಟಾದದ್ದು ಅಲ್ಲೇ.

"ಟೀಚರ್, ಇದು ಎಲ್ಲಕ್ಕಿಂತ ಚೆನ್ನಾಗಿದೆ. ಇದೊಂದು ನೀವು ಮೂಸಲೇಬೇಕು," ಎಂದು ಯಾಕೆಪುಟ್ಟಿ ಒಂದು ಬಾಟಲಿ ಮುಂದೆ ಹಿಡಿದಳು.

ಅಭ್ಯಾಸಬಲ. ಟೀಚರ್ ಕಣ್ಣು ಮುಚ್ಚಿದಳು, ಉಸಿರೆಳೆದಳು. "ಆಹಾ! ಏನು ಘಮ!"

"ಅದು ಖಾಲಿ ಬಾಟ್ಲಿ," ಎಂದಳು ಯಾಕೆಪುಟ್ಟಿ.

"ಅದರ ಬಿರಡೆ ತೊಳೀವಾಗ ಕಿತ್ತುಬಂದಿತ್ತು, ಒಳಗಿದ್ದದ್ದು ನೀರಿಗೆ ಹೋಯ್ತು," ಎಂದು ಬಾಗಿಲ ಹಿಂದಿನಿಂದ ಆಯಾ ಮೆಲ್ಲಗೆ ಗೊಣಗಿದಳು. ಟೀಚರ್ ಕಣ್ಣು ತೆರೆದರೆ ಎದುರಿಗೆ ನಿರ್ದೇಶಕಿ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ನಂಗೆ ವಾಸನೆ ಬರಲ್ಲ," ಎಂದಳು. "ಮೂರು ತಿಂಗಳಾಯ್ತು. ಚೀಟಿ ಓದಿ ಆಹಾ ಅಂತಿದ್ದೆ. ತಪ್ಪಾಯ್ತು." ನಾಚಿಕೆಯಿಂದ ನೆಲ ನೋಡಿದಳು.

ಮಕ್ಕಳಿಗೆ ನಾಚಿಕೆಯೆಲ್ಲ ಅರ್ಥವಾಗಲಿಲ್ಲ. ಅವರಿಗೆ ಅರ್ಥವಾದದ್ದು ಇಷ್ಟೇ: ಪ್ರಯೋಗ ಮಾಡಲು ಒಂದು ಇಡೀ ಟೀಚರ್ ಸಿಕ್ಕಿದ್ದಾಳೆ!

"ಸ್ವಲ್ಪನೂ ಬರಲ್ವಾ?"

"ನನ್ನ ಕಾಲ್ಚೀಲನೂ?"

ಹಲ್ಲುಬಿದ್ದ ಹುಡುಗ ಆಗಲೇ ಒಂದು ಕಾಲ್ಚೀಲ ಬಿಚ್ಚಿದ್ದ. ಆಯಾ ಸತ್ತೆನೋ ಕೆಟ್ಟೆನೋ ಎಂದು ಹೊರಗೆ ಓಡಿದಳು. ಟೀಚರ್ ಮೂಸಿದಳು. ಏನೂ ಇಲ್ಲ! ಇಡೀ ಕೋಣೆ ಬೆರಗಾಯಿತು. ಅಳಿಸುವ ರಬ್ಬರು, ಊಟದ ಡಬ್ಬಿ, ಅಂಟು, ಒದ್ದೆ ಸ್ವೆಟರು, ಯಾರದೋ ಬೆವರಿದ ತಲೆ, ಎಲ್ಲವೂ ಸರದಿಯಲ್ಲಿ ಅವಳ ಮೂಗಿನ ಕೆಳಗೆ ಬಂದವು. "ಇದನ್ನೂ ನೋಡಿ," ಎಂದು ನಿರ್ದೇಶಕಿ ತಮ್ಮ ಕೈಚೀಲದ ಅತ್ತರಿನ ಶೀಷೆ ಕೊಟ್ಟಾಗಲೇ ಮಕ್ಕಳು ಅವರನ್ನು ಕಂಡದ್ದು. ಅದೂ ಬರಲಿಲ್ಲ.

ಹೊಸ ಹುಡುಗಿ ಹದಿಮೂರನೆಯ ಬಾಟಲಿ ತಂದಳು. ಟೀಚರ್ ಉಸಿರೆಳೆದವಳೇ ಬೆಚ್ಚಿ ಹಿಂದೆ ಸರಿದಳು.

"ತಣ್ಣಗಿದೆ! ಮೂಗೊಳಗೆ ತಣ್ಣಗಾಯ್ತು!"

"ಪುದೀನ ಎಣ್ಣೆ!" ಎಂದು ಮೂಸಿದವರೆಲ್ಲ ಕುಣಿದಾಡಿದರು.

"ವಾಸನೆ ಬರದೆ ತಣ್ಣಗೆ ಮಾತ್ರ ಯಾಕೆ?" ಯಾಕೆಪುಟ್ಟಿ ಬಿಡಲಿಲ್ಲ.

ಟೀಚರ್ ನಗುತ್ತ ಕಣ್ಣೊರೆಸಿಕೊಂಡಳು. "ಮೂಗಿಗೆ ಎರಡು ದಾರಿ ಇದೆ ಕಣೇ. ವಾಸನೆ ಹೋಗೋ ನರ ಒಂದು, ಉರಿ ತಂಪು ಹೋಗೋ ನರ ಇನ್ನೊಂದು. ನಂದು ಒಂದು ದಾರಿ ಮುಚ್ಚಿದೆ, ಇನ್ನೊಂದು ತೆರೆದಿದೆ." ಇಷ್ಟು ದಿನ ತನ್ನ ಮೂಗು ಪೂರ್ತಿ ಸತ್ತಿದೆಯೆಂದೇ ಅವಳು ಅಂದುಕೊಂಡಿದ್ದಳು.

ನಿರ್ದೇಶಕಿ ಕನ್ನಡಕ ಸರಿಮಾಡಿಕೊಂಡರು. "ಎಲ್ಲಾ ಸರಿ. ಆದ್ರೆ ವಾಸನೆ ಬರದೇ ಇರೋರು ಈ ಕೋಣೆ ನಡೆಸೋದು ಹೇಗೆ?"

ಉತ್ತರ ಯಾಕೆಪುಟ್ಟಿಗೆ ಹೊಳೆಯಿತು.

"ಮುಂಚೆ ಟೀಚರೇ ಎಲ್ಲಾ ಹೇಳ್ಬಿಡ್ತಿದ್ರು. ಇವತ್ತು ಅವರಿಗೆ ಗೊತ್ತಿಲ್ಲ, ಅದಕ್ಕೇ ನಮ್ಮನ್ನ ಕೇಳಿದ್ರು. ಅದಕ್ಕೇ ಇವಳು ಮಾತಾಡಿದ್ಲು," ಎಂದು ಹೊಸ ಹುಡುಗಿಯತ್ತ ಬೆರಳು ತೋರಿಸಿದಳು.

ಹೊಸ ಹುಡುಗಿ ಮೀನಿನ ಬಾಟಲಿಯನ್ನು ಎದೆಗೆ ಇನ್ನಷ್ಟು ಅವುಚಿಕೊಂಡಳು. ನಿರ್ದೇಶಕಿ ಅದನ್ನು ಕೇಳಿ ಪಡೆದು, ಮೂಸಿ, ಒಂದು ಹೆಜ್ಜೆ ತೂರಾಡಿ, "ಪರದೆ ಹಾಕೋದಕ್ಕೆ ಊಟದ ಕೋಣೆ ಇದೆ," ಎಂದರು. "ಚೀಟಿ ಮಾತ್ರ ಮಕ್ಕಳೇ ಬರೀಬೇಕು."

ಮುಂದಿನ ಗುರುವಾರದ ಹೊತ್ತಿಗೆ ಹೊಸ ಚೀಟಿಗಳು ಅಂಟಿದ್ದವು. 'ಹಲ್ಲುನೋವು, ಅಜ್ಜಿ, ಅಪ್ಪನ ಟೀ.' 'ಬೈಸಿಕೊಳ್ಳೋ ಮುಂಚೆ.' 'ನಮ್ಮನೆ', ಅದರ ಕೆಳಗೆ ಬೇರೆ ಕೈಬರಹದಲ್ಲಿ 'ಪರವಾಗಿಲ್ಲ.' ಟೀಚರ್ ಡಾಕ್ಟರ ಮಾತಿನಂತೆ ಮತ್ತೆ ದಿನಕ್ಕೆರಡು ಹೊತ್ತು ಮೂಸಲು ಶುರುಮಾಡಿದ್ದಳು, ಈಗ ಎದುರಿಗೆ ಕೂತು "ಬಂತಾ?" ಎಂದು ಕೇಳಲು ಗಂಡನಿದ್ದ. ಖಾಲಿ ಬಾಟಲಿಯನ್ನು ಯಾರೂ ಎಸೆದಿರಲಿಲ್ಲ. ಅದಕ್ಕೂ ಒಂದು ಚೀಟಿ ಇತ್ತು, ಯಾಕೆಪುಟ್ಟಿಯ ದಪ್ಪ ಅಕ್ಷರದಲ್ಲಿ: 'ಒಳಗೆ ಏನೂ ಇಲ್ಲ. ಘಮಘಮ ಟೀಚರಿಗೆ ತುಂಬಾ ಇಷ್ಟ.'